ನಂಬರ್ 117ರ ಮೂವತ್ತೆರಡು ಊಟ

ಇಲ್ಲಿಯ ಮಕ್ಕಳು ಪುಸ್ತಕವನ್ನು ಹೆಸರು ಹಿಡಿದು ಕೇಳುವುದಿಲ್ಲ. "ಸಾರ್, ಇನ್ನೂರಾ ನಾಲ್ಕು ಇದೆಯಾ?" ಎನ್ನುತ್ತಾರೆ. "ಇಶ್ಯೂ ಆಗಿದೆ, ಇನ್ನೂರಾ ಆರು ತಗೊಂಡ್ಹೋಗು" ಎಂಬ ಉತ್ತರ ಬರುತ್ತದೆ. ಮಗು ತಕರಾರಿಲ್ಲದೆ ಇನ್ನೂರಾ ಆರನ್ನು ಕಂಕುಳಲ್ಲಿಟ್ಟುಕೊಂಡು ಹೋಗುತ್ತದೆ. ಜೂನ್ 14ರಂದು, ನನ್ನ ಮೊದಲ ಲೈಬ್ರರಿ ಪೀರಿಯಡ್ಡಿನಲ್ಲಿ, ಬೀರುವಿನ ಮುಂದೆ ನಿಂತು ಇದನ್ನು ಕೇಳಿದಾಗ ಪಡಿತರ ಅಂಗಡಿಗೆ ಬಂದೆನೇನೋ ಅನ್ನಿಸಿತು. ಬೀರುವಿನಲ್ಲಿ 612 ಪುಸ್ತಕಗಳಿದ್ದವು. ಅಷ್ಟಕ್ಕೂ ಒಂದೇ ಬಣ್ಣದ ಬ್ರೌನ್ ಪೇಪರಿನ ಹೊದಿಕೆ, ಬೆನ್ನಿನ ಮೇಲೆ ಕಪ್ಪು ಶಾಯಿಯ ನಂಬರು. ಹೆಸರಿಲ್ಲ, ಬರೆದವರಿಲ್ಲ, ಚಿತ್ರವಿಲ್ಲ. ಒಳಗೆ ತೆರೆದು ನೋಡೋಣವೆಂದರೆ ಮೊದಲ ಹಾಳೆಯನ್ನೂ ಹೊದಿಕೆಗೆ ಸೇರಿಸಿ ಗೋಂದು ಹಚ್ಚಿ ಅಂಟಿಸಲಾಗಿತ್ತು.

ನಮ್ಮ ಲಿಂಗಸುಗೂರಿನ ವಾಚನಾಲಯದ ಗೆಳೆಯರೇ, ನೀವು "ಅಲ್ಲಿಗೆ ಹೋದ ಮೇಲೆ ಏನು ಓದಿದೆ, ಏನು ಬರೆದೆ, ಬರೆದು ಕಳಿಸು" ಎಂದು ಎರಡು ಸಲ ಕೇಳಿದ್ದೀರಿ. ಉತ್ತರಿಸದೆ ಇದ್ದದ್ದಕ್ಕೆ ಸೋಮಾರಿತನ ಕಾರಣವಲ್ಲ, ಸಿಟ್ಟು. ಈಗ ಡೈರಿಯನ್ನು ಮುಂದಿಟ್ಟುಕೊಂಡು ತಾರೀಖಿನ ಪ್ರಕಾರ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಸಿಟ್ಟೇ ಎಲ್ಲ ಜಾಗವನ್ನೂ ತಿಂದುಬಿಡುತ್ತದೆ.

ಜೂನ್ 2ರಂದು ಶಿವಮೊಗ್ಗಕ್ಕೆ ಬಂದಿಳಿದೆ. ಕೆಲಸ ಸಿಕ್ಕಿದ್ದು ಭದ್ರಾವತಿಯ ಒಂದು ಖಾಸಗಿ ಶಾಲೆಯಲ್ಲಿ, ಕನ್ನಡ ಟೀಚರ್ ಆಗಿ. ಮನೆ ಸಿಕ್ಕಿದ್ದು ಶಿವಮೊಗ್ಗದ ಹೊಸಮನೆಯಲ್ಲಿ, ಗಿರಿಜಮ್ಮನವರ ಮನೆಯ ಮಹಡಿಯ ಮೇಲಿನ ಒಂದು ಕೋಣೆ. ದಿನಾ ಹೋಗಿ ಬರಲು ಎರಡು ಬಸ್ಸು. ಬೆಳಗಿನ ಬಸ್ಸಿನ ತುಂಬ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಹೋಗುವ ಹುಡುಗ ಹುಡುಗಿಯರು. ಅವರ ಬ್ಯಾಗು ನನ್ನ ಬೆನ್ನಿಗೆ, ನನ್ನ ಪುಸ್ತಕ ಅವರ ಮೊಣಕೈಗೆ. ನಿಂತುಕೊಂಡು ಓದಿದರೆ ಒಂದು ಪ್ರಯಾಣಕ್ಕೆ ಒಂಬತ್ತು ಪುಟ, ಕೂರಲು ಸೀಟು ಸಿಕ್ಕರೆ ಹದಿನಾರು. ಜೂನ್ ತಿಂಗಳಿಡೀ ಸೀಟು ಸಿಕ್ಕಿದ್ದು ನಾಲ್ಕು ದಿನ.

ಗಿರಿಜಮ್ಮ ಹಣೆಗೆ ವಿಭೂತಿ ಇಟ್ಟುಕೊಂಡು ಬೆಳಿಗ್ಗೆಯೇ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುವವರು. ನಾನು ದಿನಾ ಸಂಜೆ ಅದೇ ಮೆಟ್ಟಿಲಿನ ಮೇಲಿನ ತುದಿಯಲ್ಲಿ ಕೂತು ಡೈರಿ ಬರೆಯುವುದನ್ನು ಮೂರು ವಾರ ನೋಡಿ, ಜೂನ್ 25ಕ್ಕೆ ಕೇಳಿಯೇಬಿಟ್ಟರು.

"ದಿನಾ ಯಾರಿಗೆ ಕಾಗದ ಬರೀತೀಯ ಹುಡುಗಿ?"

"ಯಾರಿಗೂ ಇಲ್ರೀ ಅಮ್ಮ. ನನಗ ನಾನೇ ಬರ್ಕೊಳ್ಳೂದು."

"ನಿಂಗೆ ನೀನೇ ಯಾಕೆ ಬರ್ಕೋತೀಯ ಮಾರಾಯ್ತಿ? ನೀನು ಇಲ್ಲೇ ಇದ್ದೀಯಲ್ಲ!"

ಇಲ್ಲೇ ಇದ್ದೀನೋ ಇಲ್ಲವೋ ಎಂಬುದನ್ನು ನೋಡಿಕೊಳ್ಳುವುದಕ್ಕೇ ಬರೆಯುತ್ತೇನೆ ಎಂದರೆ ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಅಮ್ಮನಿಗೆ ಫೋನ್ ಮಾಡಿಸುತ್ತಿದ್ದರು.

ಕನ್ನಡದಿಂದ ಕನ್ನಡಕ್ಕೇ ವಲಸೆ ಬಂದವರ ಪಾಡು ಬೇರೆ. ಪರಭಾಷೆಯ ಊರಿಗೆ ಹೋಗಿದ್ದರೆ ಜನ ಸ್ವಲ್ಪ ಕನಿಕರ ತೋರಿಸುತ್ತಿದ್ದರು. ನಾನು ಮೊದಲ ದಿನ ತರಗತಿಯಲ್ಲಿ "ಸುಮ್ ಕುಂದ್ರಿ" ಎಂದೆ. ನಲವತ್ತೊಂದು ಮಕ್ಕಳೂ ನಕ್ಕರು. ಮಾರನೇ ದಿನ ನಾನು ಒಳಗೆ ಕಾಲಿಡುತ್ತಿದ್ದಂತೆ ಹಿಂದಿನ ಬೆಂಚಿನಿಂದ "ಕುಂದ್ರಿ ಮಿಸ್, ಕುಂದ್ರಿ" ಎಂದು ಸ್ವಾಗತ. ಶಾಲೆಯ ಹತ್ತಿರದ ಹೋಟೆಲಿನಲ್ಲಿ ನಮ್ಮೂರಿನ ಹಾಗೆ "ಒಂದ್ ಒಗ್ಗರಣಿ, ಎರಡು ಮಿರ್ಚಿ ಕೊಡ್ರಿ" ಎಂದೆ. ಮಂಡಕ್ಕಿಯ ನಮ್ಮ ಬೆಳಗಿನ ತಿಂಡಿ ಅವರಿಗೆ ಹೇಗೆ ಗೊತ್ತಾಗಬೇಕು? "ಒಗ್ಗರಣೆ ಯಾವುದಕ್ಕೆ ಹಾಕ್ಬೇಕು ಮೇಡಂ?" ಎಂದು ಅಡುಗೆಯವನು ಹೊರಗೆ ಬಂದು ವಿಚಾರಿಸಿದ. ಯಾವ ಮಾತಿಗೆ ನಕ್ಕರು ಎಂದು ಡೈರಿಯ ಕೊನೆಯ ಹಾಳೆಗಳಲ್ಲಿ ಗುರುತು ಹಾಕಿಕೊಳ್ಳತೊಡಗಿದೆ. ಜೂನ್‌ನಲ್ಲಿ ನಲವತ್ತಮೂರು, ಸೆಪ್ಟೆಂಬರಿನಲ್ಲಿ ಹನ್ನೊಂದು, ನವೆಂಬರಿನಲ್ಲಿ ಸೊನ್ನೆ. ಗೆದ್ದೆ ಎಂದುಕೊಂಡೆ. ನವೆಂಬರ್ 17ರಂದು ಅಮ್ಮನಿಗೆ ಫೋನ್ ಮಾಡಿ "ಊಟ ಆಯ್ತಾ? ನಾನು ಆಮೇಲೆ ಮಾಡ್ತೀನಿ" ಎಂದರೆ ಆ ಕಡೆಯಿಂದ, "ಯಾರ್ ಮಾತಾಡೂದು? ರೇಣುಕಾನ್ನ ಕರೀರಿ" ಎಂದಳು. ತಮಾಷೆಗೆ ಅಂದದ್ದೇ. ನಾನು ಮಾತ್ರ ಆ ದಿನ ಡೈರಿಯಲ್ಲಿ ಒಂದು ಸಾಲನ್ನೂ ಬರೆಯಲಿಲ್ಲ.

ಬೀರುವಿಗೆ ವಾಪಸ್ ಬರುತ್ತೇನೆ. ಅದರ ಬೀಗದ ಕೈ ಇರುವುದು ಶಾಲೆಯ ಕ್ಲರ್ಕ್ ಪರಮೇಶಣ್ಣನ ಬಳಿ. ಅರವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮೂವತ್ತು ವರ್ಷ ಇಲ್ಲಿಯ ಕಬ್ಬಿಣದ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ, ಎಂದರೆ ಬಿಡಿಭಾಗಗಳ ಉಗ್ರಾಣದಲ್ಲಿ, ಕೆಲಸ ಮಾಡಿ ನಿವೃತ್ತರಾದ ಮೇಲೆ ಇಲ್ಲಿಗೆ ಬಂದವರು. ಪುಸ್ತಕಗಳಿಗೆ ಹೆಸರು ಯಾಕಿಲ್ಲ ಎಂದು ನಾನು ಜಗಳಕ್ಕೇ ಹೋದೆ.

"ಸ್ಟೋರ್ಸ್‌ನಲ್ಲಿ ನಟ್ಟು ಬೋಲ್ಟಿಗೆಲ್ಲ ಹೆಸರಿಟ್ಕೊಂಡು ಕೂತಿದ್ರೆ ಕಾರ್ಖಾನೆ ನಡೀತಿತ್ತಾ ಟೀಚರೇ? ನಂಬರ್ ಹೇಳಿ, ಸಾಮಾನು ತಗೊಂಡ್ಹೋಗಿ. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ವಾಷರ್ ಕಾಣೆಯಾಗಿಲ್ಲ."

"ಮಕ್ಕಳಿಗೆ ಯಾವ ಕಥೆ ಅಂತ ಗೊತ್ತಾಗೋದು ಹೇಗೆ?"

"ಹೆಸರು ಕಂಡ್ರೆ ಎಲ್ರೂ ಅದೇ ನಾಲ್ಕು ಪುಸ್ತಕಕ್ಕೆ ಕಿತ್ತಾಡ್ತವೆ. ಉಳಿದವು ಹುಳ ತಿಂತವೆ. ಈಗ ನೋಡಿ, ಎಲ್ಲಾ ಪುಸ್ತಕನೂ ಒಂದೇ ಸಮ ಓಡ್ತದೆ."

ಅವರ ಮಾತಿನಲ್ಲಿ ನ್ಯಾಯ ಇಲ್ಲದೆ ಇರಲಿಲ್ಲ, ಸಿಟ್ಟು ಹೆಚ್ಚಾದದ್ದು ಅದಕ್ಕೇ. ಪ್ರತಿ ಬೇಸಿಗೆ ರಜೆಯಲ್ಲಿ ಅಷ್ಟೂ ಪುಸ್ತಕಗಳಿಗೆ ತಾವೇ ಕೂತು ಹೊದಿಕೆ ಹಾಕುತ್ತಾರೆ. ಒಂದನ್ನೂ ಓದಿಲ್ಲ.

ನಮ್ಮ ವಾಚನಾಲಯದ ಪುಸ್ತಕಗಳನ್ನು ನೆನೆಸಿಕೊಳ್ಳಿ. ಅಲ್ಲಿ ಹೆಸರಿತ್ತು, ಹೊದಿಕೆ ಇರಲಿಲ್ಲ. ಚಹಾ ಚೆಲ್ಲಿದ್ದು, ಇಲಿ ಕಡಿದದ್ದು ಎಂದು ಒಂದೊಂದಕ್ಕೂ ಗುರುತು. ನಾನು ಐದನೇ ಇಯತ್ತೆಯಿಂದ ಆ ಚಾಪೆಯ ಮೇಲೆ ಬೆಳೆದವಳು. ಸಮುದ್ರವನ್ನು ಕಾಣುವ ಮೊದಲೇ ಸಮುದ್ರಕ್ಕೆ ಹೆದರಿದ್ದೆ. ನಮ್ಮ ಓಣಿ ಬಿಟ್ಟು ಹೋಗದೆ ಹತ್ತಾರು ಮನೆಗಳ ಅಡುಗೆಮನೆ ಹೊಕ್ಕು ಬಂದಿದ್ದೆ. ಓದಿದ್ದನ್ನು ಲೆಕ್ಕ ಇಡಲು ಹೋಗಿಯೇ ಡೈರಿ ಶುರುವಾಯಿತು, ಡೈರಿ ಬರೆದು ಬರೆದೇ ನನಗೆ ಏನನ್ನಿಸುತ್ತದೆ ಎಂಬುದು ನನಗೆ ತಿಳಿಯತೊಡಗಿತು. ಆದರೆ ಆ ಪುಸ್ತಕಗಳಲ್ಲಿ ಒಂದು ಪೀಡೆಯಿತ್ತು. ಮೊದಲು ಓದಿದ ಯಾರೋ ಪುಣ್ಯಾತ್ಮ ಅಂಚಿನಲ್ಲಿ "ಮುಂದ ಇವ ಸಾಯ್ತಾನ" ಎಂದು ಬರೆದಿಡುತ್ತಿದ್ದ. ಎಷ್ಟು ಪುಸ್ತಕಗಳ ರುಚಿ ಹಾಳಾಯಿತೋ! ಪುಸ್ತಕದಲ್ಲಿ ಗೀಚುವವರನ್ನು ಕಂಡರೆ ನನಗೆ ಅಂದಿನಿಂದ ಆಗುವುದಿಲ್ಲ. ಈ ಒಂದು ವಿಷಯದಲ್ಲಿ ಪರಮೇಶಣ್ಣನೂ ನಾನೂ ಒಂದೇ ಪಕ್ಷ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೆಸರು ಬರೆಸುವ ಜಗಳದಲ್ಲಿ ಸೋತವಳು ಬೇರೆ ದಾರಿ ಹುಡುಕಿದೆ. ಆಗಸ್ಟ್ 5ರಂದು ಏಳನೇ ತರಗತಿಯ ಗೋಡೆಗೆ ದೊಡ್ಡ ಪಟ್ಟಿಯೊಂದನ್ನು ಅಂಟಿಸಿದೆ. ನಲವತ್ತೊಂದು ಹೆಸರು, ಒಂದು ಪುಸ್ತಕ ಓದಿದರೆ ಒಂದು ನಕ್ಷತ್ರ. ಎರಡು ತಿಂಗಳಿಗೆ ನಕ್ಷತ್ರಗಳು ಮಿನುಗತೊಡಗಿದವು. ಮೊದಲ ಸ್ಥಾನದಲ್ಲಿ ಚಿನ್ಮಯ, ಇಪ್ಪತ್ತೇಳು ಪುಸ್ತಕ. ಸಂತೋಷದಿಂದ ಅವನನ್ನು ಎಬ್ಬಿಸಿ, "ಯಾವುದು ಹಿಡಿಸಿತು?" ಎಂದು ಕೇಳಿದೆ.

"ಅರವತ್ನಾಲ್ಕು ಮಿಸ್. ತುಂಬಾ ಚೆನ್ನಾಗಿತ್ತು."

"ಏನಿತ್ತು ಅದರಲ್ಲಿ?"

"ಮೂವತ್ತೆರಡೇ ಪುಟ ಇತ್ತು ಮಿಸ್."

ಪಟ್ಟಿಯ ತಳದಲ್ಲಿದ್ದವಳು ಸೆಲ್ವಿ. ಕಾರ್ಖಾನೆಯ ಹಿಂದಿನ ಸಾಲುಮನೆಗಳಿಂದ ಬರುವ ಹುಡುಗಿ. ಅಪ್ಪ ಆಟೋ ಓಡಿಸುತ್ತಾರೆ, ಮನೆಯಲ್ಲಿ ತಮಿಳು. ಆಗಸ್ಟ್‌ನಲ್ಲಿ ಅವಳು ತೆಗೆದುಕೊಂಡದ್ದು ನಂಬರ್ 117. ಸೆಪ್ಟೆಂಬರಿನಲ್ಲೂ 117. ಹದಿನೈದು ದಿನಕ್ಕೊಮ್ಮೆ ಹಿಂದಿರುಗಿಸಿ ಅದನ್ನೇ ಮತ್ತೆ ಬರೆಸಿಕೊಂಡು ಹೋಗುತ್ತಿದ್ದಳು. ಪರಮೇಶಣ್ಣ ಬೆನ್ನಿನ ನಂಬರ್ ನೋಡಿ ಸಹಿ ಹಾಕುತ್ತಿದ್ದರು, ತೆರೆದು ನೋಡುತ್ತಿರಲಿಲ್ಲ. ನಾನು ಕೇಳಿದಾಗಲೆಲ್ಲ ಒಂದೇ ಮಾತು: "ಇನ್ನೂ ಮುಗ್ದಿಲ್ಲ ಮಿಸ್." ಜನವರಿಯ ಹೊತ್ತಿಗೆ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಸೊನ್ನೆ ಬರೆದೆ. ಅದನ್ನು ಬರೆದದ್ದು ನಾನೇ, ಬೇರೆ ಯಾರೂ ಅಲ್ಲ.

ಅವಳ ಸುಳಿವು ನನಗೆ ಮೊದಲೇ ಸಿಕ್ಕಿತ್ತು, ಹಿಡಿಯಲಿಲ್ಲ. ಡಿಸೆಂಬರಿನಲ್ಲಿ ಮಕ್ಕಳನ್ನು ತುಂಗೆಯ ಅಣೆಕಟ್ಟು ತೋರಿಸಲು ಗಾಜನೂರಿಗೆ ಕರೆದುಕೊಂಡು ಹೋಗಿದ್ದೆವು. ಬಂದ ಮೇಲೆ ಪ್ರಬಂಧ ಬರೆಸಿದೆ. ನಲವತ್ತೊಂದರಲ್ಲಿ ಮೂವತ್ತೆಂಟು "ಪ್ರವಾಸದಿಂದ ಜ್ಞಾನ ವೃದ್ಧಿಯಾಗುತ್ತದೆ" ಎಂದು ಆರಂಭವಾಗಿದ್ದವು. ಗೈಡಿನಲ್ಲಿ ಹಾಗೇ ಇದೆಯಂತೆ. ಕಣ್ಣೆದುರು ಅಷ್ಟು ನೀರು ಧುಮುಕಿದರೂ ಒಂದು ಹನಿಯೂ ಹಾಳೆಗೆ ಬಿದ್ದಿರಲಿಲ್ಲ. ಸೆಲ್ವಿಯದು ಎರಡೇ ಸಾಲು: "ಡ್ಯಾಂ ದೊಡ್ಡದಾಗಿತ್ತು. ವಾಚ್‌ಮನ್ ಡಬ್ಬಿ ತೆಗೆದರು, ಅದರಲ್ಲಿ ಬರೀ ಅನ್ನ ಇತ್ತು." ಬಹಳ ಚಿಕ್ಕದು ಎಂದು ಹತ್ತಕ್ಕೆ ಮೂರು ಕೊಟ್ಟೆ. ಗೈಡಿನವರಿಗೆ ಆರು, ಏಳು.

ಫೆಬ್ರವರಿ 11. ಪರಮೇಶಣ್ಣನ ವಾರ್ಷಿಕ ಸ್ಟಾಕ್ ಚೆಕ್. ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆಯೇ ಅಷ್ಟೂ ಪುಸ್ತಕಗಳನ್ನು ವಾಪಸ್ ತರಿಸಿ, ಒಂದೊಂದನ್ನೂ ತೆರೆದು, ಪುಟ ತಿರುವಿ, ರಿಜಿಸ್ಟರಿನಲ್ಲಿ ಗುರುತು ಹಾಕುವ ದಿನ. ಮಧ್ಯಾಹ್ನ ನನ್ನನ್ನು ಕರೆಸಿದರು. ಮೇಜಿನ ಮೇಲೆ 117 ಬಿಚ್ಚಿಕೊಂಡು ಬಿದ್ದಿತ್ತು. ಪಕ್ಕದಲ್ಲಿ ಹೆಡ್‌ಮಿಸ್, ಮೂಲೆಯಲ್ಲಿ ಸೆಲ್ವಿ.

ಅಂಚುಗಳಲ್ಲಿ ಪೆನ್ಸಿಲಿನ ಬರಹ. 162ನೇ ಪುಟದವರೆಗೆ ಮೂವತ್ತೊಂದು ಕಡೆ. ಎಣಿಸಿದ್ದು ಪರಮೇಶಣ್ಣ. ನಾನಾಗಿದ್ದರೂ ಮೊದಲು ಎಣಿಸುತ್ತಿದ್ದೆ. ಸ್ಟೋರ್ಸ್‌ನ ನಿಯಮದಂತೆ ಪ್ರತಿ ಹಾನಿಯನ್ನೂ ಪುಟಸಮೇತ ರಿಜಿಸ್ಟರಿನಲ್ಲಿ ನಕಲು ಮಾಡಬೇಕು. ಅವರು ಗಂಭೀರವಾಗಿ ಓದತೊಡಗಿದರು:

"ಪುಟ 14, ಬಲ ಅಂಚು. ಇಲ್ಲಿ ಅವಳು ಗಂಜಿ ಕುಡಿದಳು, ಉಪ್ಪಿನಕಾಯಿ. ಪುಟ 19, ಕೆಳಗೆ. ಇಲ್ಲಿ ಅನ್ನ, ರಸಂ. ಪುಟ 31. ಇಲ್ಲಿ ಕೆಲಸ ಜಾಸ್ತಿ ಇತ್ತು, ಬನ್ನು ಟೀ..."

ನನಗೆ ತಲೆಬುಡ ಅರ್ಥವಾಗಲಿಲ್ಲ. ಸೆಲ್ವಿಯನ್ನು ಏನಿದು ಎಂದು ಕೇಳಿದೆ.

"ಏನಿದು ಅಂತ ಬೇರೆ ಕೇಳ್ಬೇಕಾ?" ಎಂದರು ಪರಮೇಶಣ್ಣ. "ನಿಮ್ಮ ಪಟ್ಟಿಯೇ ಹೇಳ್ತದಲ್ಲ ಟೀಚರೇ. ಆರು ತಿಂಗಳಿಗೆ ಸೊನ್ನೆ. ಓದೋಕೆ ತಗೊಂಡ್ಹೋಗೋ ಹುಡುಗಿ ಅಲ್ಲ ಇದು, ಗೀಚೋಕೆ."

ಹೆಡ್‌ಮಿಸ್ ಗೋಡೆಯ ಪಟ್ಟಿಯನ್ನು ತಾವೂ ನೋಡಿದ್ದರು. ಜೂನ್‌ವರೆಗೆ ಅವಳ ಲೈಬ್ರರಿ ಕಾರ್ಡ್ ನಿಲ್ಲಿಸಿ ಎಂದರು. ನಾನು ಒಂದು ಮಾತೂ ಆಡಲಿಲ್ಲ. ಆ ಕ್ಷಣದಲ್ಲಿ "ಮುಂದ ಇವ ಸಾಯ್ತಾನ" ಎಂದು ಬರೆದವನ ಮೇಲಿನ ಹಳೆಯ ಸಿಟ್ಟೇ ನನ್ನೊಳಗೆ ಇತ್ತು. ಸೆಲ್ವಿ ಹೊರಗೆ ಹೋಗುವಾಗ ಮಾತ್ರ ತಿರುಗಿ ನಿಂತು ಕೇಳಿದಳು: "ಮಿಸ್, ಇನ್ನು ನಲವತ್ತೆರಡು ಪುಟ ಇದೆ. ಪಾಟಿಗೆ ಏನ್ ಹೇಳ್ಲಿ?"

ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಆ ಪ್ರಶ್ನೆ ಬಸ್ಸಿನಲ್ಲಿ ನನ್ನ ಜೊತೆಗೇ ಶಿವಮೊಗ್ಗದವರೆಗೆ ಬಂತು. ಅಂದು ಸೀಟು ಸಿಕ್ಕಿತ್ತು. ಓದಿದ ಪುಟ: ಸೊನ್ನೆ.

ಫೆಬ್ರವರಿ 15ರ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಅವಳ ಮನೆಗೆ ಹೋದೆ. ಬಾಗಿಲಲ್ಲೇ ಕೂತಿದ್ದ ಪಾಟಿ ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ, ಕಾಲಿನಿಂದ ಮಣೆ ತಳ್ಳಿದರು.

"ನೀನಾ ಪುಸ್ತಕ ಕಿತ್ಕೊಂಡಿದ್ದು?"

"ನಾನಲ್ಲ ಪಾಟಿ..." ಎಂದೆ. ಅರ್ಧ ಸುಳ್ಳು.

ಪಾಟಿ ವರ್ಷಗಟ್ಟಲೆ ಗುತ್ತಿಗೆ ಕೆಲಸದಲ್ಲಿ ಬುಟ್ಟಿ ಹೊತ್ತವರು. ಯಾವ ಭಾಷೆಯ ಅಕ್ಷರವೂ ಬಾರದು. ಪೇಟೆಗೆ ಸಾಕಾಗುವಷ್ಟು ಕನ್ನಡ ಮಾತು ಬರುತ್ತದೆ, ಕಥೆಗೆ ಅದು ಸಾಲದು. ಸೆಲ್ವಿ ದಿನಾ ಶಾಲೆಯಿಂದ ಬಂದು 117ರ ಒಂದೆರಡು ಪುಟ ಓದಿ ತಮಿಳಿನಲ್ಲಿ ಹೇಳುತ್ತಿದ್ದಳು. ಪಾಟಿ ಎಲೆಅಡಿಕೆ ಜಗಿಯುತ್ತ "ಅಪ್ಪುರಂ?" ಎನ್ನುತ್ತಿದ್ದರು. "ಆಮೇಲೆ?" ಎಂದು ಅದರ ಅರ್ಥ. ಪುಟ ತಿರುಗುತ್ತಿದ್ದದ್ದು ಆ ಮಾತಿನಿಂದ. ಕೆಲವೊಮ್ಮೆ "ಅಪ್ಪುರಂ" ಬರುತ್ತಿರಲಿಲ್ಲ, ತಕರಾರು ಬರುತ್ತಿತ್ತು. ಆಗ ಕಥೆ ಎರಡು ಮೂರು ದಿನ ಅಲ್ಲೇ ನಿಲ್ಲುತ್ತಿತ್ತು.

ಕಥೆ ಒಬ್ಬ ದೋಣಿಯವಳದು. ಗಂಡ ಸತ್ತ ಮೇಲೆ ಅವನ ದೋಣಿಯನ್ನು ಊರವರಿಗೆ ಬಿಟ್ಟುಕೊಡದೆ, ಜನರನ್ನು ಹೊಳೆ ದಾಟಿಸುತ್ತ ಬದುಕುವ ಹೆಂಗಸು. ಪಾಟಿಯ ತಕರಾರು ಒಂದೇ.

"ಟೀಚರಮ್ಮಾ, ಆ ಹೆಂಗಸು ಬೆಳಗ್ಗೆಯಿಂದ ಸಾಯಂಕಾಲ ತನಕ ದೋಣಿ ತಳ್ತಾ ಇದೆ. ಮಳೇಲಿ ತಳ್ತಾ ಇದೆ, ಬಿಸಿಲಲ್ಲಿ ತಳ್ತಾ ಇದೆ. ಸಾಪ್ಪಾಡು ಎಲ್ಲಿ?" ಸಾಪ್ಪಾಡು ಎಂದರೆ ಊಟ. "ಬರ್ದಿರೋನು ದಿನಾ ಊಟ ಮಾಡ್ಕೊಂಡು ಬರ್ದಿದಾನೆ. ಇವಳಿಗೆ ಒಂದು ಸಲ ಹಾಕಿಲ್ಲ. ಹೊಟ್ಟೆಗಿಲ್ದೆ ಯಾರಮ್ಮಾ ಅಷ್ಟು ಕೆಲ್ಸ ಮಾಡ್ತಾರೆ? ನಾನು ಮಾಡಿದೀನಿ, ನಂಗೊತ್ತು."

ಊಟ ಹಾಕದೆ ಮುಂದಿನ ಪುಟ ಕೇಳುವುದಿಲ್ಲ ಎಂದು ಪಾಟಿ ಹಟ ಹಿಡಿದರಂತೆ. ಎಷ್ಟು ಹೊತ್ತಿನಲ್ಲಿ, ಎಲ್ಲಿ ಕೂತು, ಏನು ತಿನ್ನಬಹುದು ಎಂದು ಅಜ್ಜಿ ಮೊಮ್ಮಗಳು ಚರ್ಚೆ ಮಾಡಿ ತೀರ್ಮಾನಿಸುತ್ತಿದ್ದರು. ಅದನ್ನು ಸೆಲ್ವಿ ಕನ್ನಡದಲ್ಲಿ ಅಂಚಿಗೆ ಬರೆಯುತ್ತಿದ್ದಳು.

"ನೋಟ್‌ಬುಕ್ಕಲ್ಲಿ ಬರೀಬಹುದಿತ್ತಲ್ಲ ಸೆಲ್ವಿ?"

"ನೋಟ್‌ಬುಕ್ಕಲ್ಲಿ ಬರೆದ್ರೆ ಅವಳಿಗೆ ಹೇಗೆ ಸಿಗುತ್ತೆ ಮಿಸ್?"

ನಾನು ಓದಿದ ಪುಸ್ತಕಗಳ ಲೆಕ್ಕ ನನ್ನ ಬಳಿ ಇದೆ. ಹನ್ನೊಂದನೇ ವಯಸ್ಸಿನಿಂದ ಇಲ್ಲಿಯವರೆಗೆ 743. ಅವುಗಳಲ್ಲಿ ಎಷ್ಟು ಜನ ಉಪವಾಸ ಇದ್ದರು ಎಂದು ಒಮ್ಮೆಯೂ ಯೋಚಿಸಿದವಳಲ್ಲ. ಅಣೆಕಟ್ಟಿನ ವಾಚ್‌ಮನ್ನನ ಡಬ್ಬಿ ನೆನಪಾಯಿತು. ಹತ್ತಕ್ಕೆ ಮೂರು.

ಸೋಮವಾರ ಬೆಳಿಗ್ಗೆಯೇ ಪಟ್ಟಿಯನ್ನು ಗೋಡೆಯಿಂದ ಕಿತ್ತೆ. ಕೀಳುವುದು ಸುಲಭ, ಅದು ಮಾಡಿಟ್ಟ ಕೆಲಸ ಹೋಗಲಿಲ್ಲ. ಹೆಡ್‌ಮಿಸ್ ಬಳಿ ಹೋಗಿ ಎಲ್ಲ ವಿವರಿಸಿದೆ. ಕೇಳಿಸಿಕೊಂಡರು. "ಅಜ್ಜಿ ಕಥೆ ಚೆನ್ನಾಗಿದೆ, ಆದ್ರೆ ಒಬ್ಬಳಿಗೆ ಬಿಟ್ರೆ ನಾಳೆ ನಲವತ್ತು ಜನ ಗೀಚ್ತಾರೆ" ಎಂದರು. ಪರಮೇಶಣ್ಣ ಇನ್ನೂ ಗಟ್ಟಿ: "ರಿಜಿಸ್ಟರಲ್ಲಿ ಹತ್ತಿಸಿದ್ಮೇಲೆ ಮುಗೀತು ಟೀಚರೇ. ಜೂನ್ ಅಂದ್ರೆ ಜೂನ್." ಮೂರು ದಿನ, ನಾಲ್ಕು ಸಲ ಹೋದೆ. ನಾಲ್ಕು ಸಲವೂ ಅದೇ ಉತ್ತರ. ಜೂನ್‌ಗೆ ಸೆಲ್ವಿ ಎಂಟನೇ ತರಗತಿಗೆ ಬೇರೆ ಶಾಲೆಗೆ ಹೋಗುತ್ತಾಳೆ, ನಮ್ಮದು ಏಳರವರೆಗೆ ಮಾತ್ರ ಎಂದರೂ ಅವರಿಗೆ ಅದು ಬೇರೆ ವಿಷಯವೇ. ಆ ನಲವತ್ತೆರಡು ಪುಟ ಪಾಟಿಗೆ ಸಿಗದೇ ಹೋಗುತ್ತಿತ್ತು.

ಐದನೇ ಸಲ ಹೋಗಿ, ನನ್ನ ಟೀಚರ್ ಕಾರ್ಡನ್ನು ಮೇಜಿನ ಮೇಲಿಟ್ಟು, "ನೂರಾ ಹದಿನೇಳು ಕೊಡಿ" ಎಂದೆ. ಹೀಗೆ ನಾನೂ ಪುಸ್ತಕವನ್ನು ನಂಬರ್ ಹಿಡಿದು ಕೇಳಿದೆ.

ಪರಮೇಶಣ್ಣ ಕನ್ನಡಕದ ಮೇಲಿನಿಂದ ನೋಡಿದರು. "ಟೀಚರ್ ಕಾರ್ಡಿನ ಪುಸ್ತಕ ಬೇರೆಯವರ ಕೈಗೆ ಹೋಗಂಗಿಲ್ಲ."

"ಹೋಗಲ್ಲ. ನನ್ನ ಕೈಯಲ್ಲೇ ಇರುತ್ತೆ."

ಮಾತು ಉಳಿಸಿಕೊಂಡೆ. ಫೆಬ್ರವರಿ 22, ಮಾರ್ಚ್ 1, 8, 15. ನಾಲ್ಕು ಶನಿವಾರ ಅವರ ಸಾಲುಮನೆಯ ಕಿರಿದಾದ ಜಗಲಿಯಲ್ಲಿ ಕೂತು ಪುಸ್ತಕವನ್ನು ನಾನೇ ಹಿಡಿದು ಓದಿದೆ. ಸೆಲ್ವಿ ತಮಿಳಿನಲ್ಲಿ ಹೇಳಿದಳು, ಪಾಟಿ "ಅಪ್ಪುರಂ" ಎಂದರು. ಊಟದ ತಕರಾರು ಬಂದಾಗಲೆಲ್ಲ ಬಾಯಲ್ಲೇ ಬಡಿಸಿ ಮುಂದೆ ಹೋಗುತ್ತಿದ್ದೆವು. ಅಂಚಿಗೆ ಪೆನ್ಸಿಲ್ ಮುಟ್ಟಿಸಲು ನಾನು ಬಿಡಲಿಲ್ಲ. "ಬಾಯಲ್ಲಿ ಬಡಿಸಿದ್ದು ನಿಲ್ಲಲ್ಲಮ್ಮ" ಎಂದು ಪಾಟಿ ಗೊಣಗುತ್ತಿದ್ದರು. ಜೋರಾಗಿ ಓದುವಾಗ ನನ್ನ ಬಾಯಿಗೆ ನಮ್ಮೂರ ಎಳೆತವೇ ಬರುತ್ತಿತ್ತು. ಒಂಬತ್ತು ತಿಂಗಳು ಕಷ್ಟಪಟ್ಟು ಒಳಗೆ ತಳ್ಳಿದ್ದು. ಸೆಲ್ವಿ ನಗಲಿಲ್ಲ. ಮನೆಯಲ್ಲೊಂದು ಮಾತು, ಶಾಲೆಯಲ್ಲೊಂದು ಮಾತು ಇರುವವಳು ಅವಳು.

ಮಾರ್ಚ್ 15ರಂದು 204ನೇ ಪುಟ. ದೋಣಿಯವಳು ಊರವರ ಪಂಚಾಯಿತಿಯಲ್ಲಿ ಗೆದ್ದು, ಸಂಜೆ ದೋಣಿ ಕಟ್ಟಿ, ದಂಡೆ ಹತ್ತಿ ಗುಡಿಸಲಿನ ಕಡೆಗೆ ನಡೆಯುತ್ತಾಳೆ. ಮುಗಿಯಿತು.

"ಅಪ್ಪುರಂ?" ಎಂದರು ಪಾಟಿ.

"ಇಲ್ಲ ಪಾಟಿ. ಆಗೋಯ್ತು."

"ಗೆದ್ದು ಬಂದಿದೆ. ಅವತ್ತೂ ಖಾಲಿ ಹೊಟ್ಟೇಲಿ ಮಲಗ್ಬೇಕಾ?"

ಸೆಲ್ವಿ ನನ್ನ ಮುಖ ನೋಡಿದಳು. ಪಾಟಿ ಬಾಯೊಳಗಿನ ಎಲೆಅಡಿಕೆಯನ್ನು ಆಚೆ ಉಗಿದು ಬಂದು ಕೂತರು. "ಇಷ್ಟು ದಿನ ನಾವು ಹಾಕಿದ್ವಿ. ಕೊನೇದು ನೀನು ಹಾಕು. ನಿಮ್ಮೂರಲ್ಲಿ ಏನು ತಿಂತಾರೆ?"

ಗೆಳೆಯರೇ, ಜನ್ಮದಲ್ಲಿ ಒಂದು ಪುಸ್ತಕದ ಅಂಚನ್ನೂ ಮಡಚದವಳು ಸೆಲ್ವಿಯ ಕಂಪಾಸ್ ಪೆಟ್ಟಿಗೆಯಿಂದ ಪೆನ್ಸಿಲ್ ತೆಗೆದುಕೊಂಡೆ. ಕೊನೆಯ ಸಾಲಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದೆ: "ಗುಡಿಸಲಿನಲ್ಲಿ ಎರಡು ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಒಂದು ಉಳ್ಳಾಗಡ್ಡಿ ಇದ್ದವು. ಕುಂತು ಉಂಡಳು." ಸೆಲ್ವಿ ಅದನ್ನು ತಮಿಳಿನಲ್ಲಿ ಹೇಳಿದಳು. ಪಾಟಿ ತಲೆಯಾಡಿಸಿ, ಮೊದಲ ಸಲ, ಒಳಗಿನಿಂದ ನನಗೆ ಟೀ ತಂದುಕೊಟ್ಟರು.

ಈಗ ನಮ್ಮಿಬ್ಬರ ಕಾರ್ಡೂ ನಿಂತಿದೆ. ಮಾರ್ಚ್ 18ರಂದು ಪುಸ್ತಕ ಹಿಂದಿರುಗಿಸಿದೆ. ಸೆಲ್ವಿಯ ಪ್ರಕರಣದ ನಂತರ ಪರಮೇಶಣ್ಣ ಪ್ರತಿ ಪುಸ್ತಕವನ್ನೂ ತೆರೆದೇ ನೋಡುತ್ತಾರೆ. ರಿಜಿಸ್ಟರಿನಲ್ಲಿ ಸೆಲ್ವಿಯ ಹೆಸರಿನ ಕೆಳಗೆ ನನ್ನ ಹೆಸರು ಬಂದಿದೆ. ಹೆಡ್‌ಮಿಸ್‌ಗೆ ತಪ್ಪೊಪ್ಪಿಗೆ ಪತ್ರವನ್ನೂ ಬರೆದುಕೊಟ್ಟಿದ್ದೇನೆ. ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಅದಕ್ಕಾಗಿಯೇ ಈ ಬರಹ. ನಮ್ಮ ವಾಚನಾಲಯದಿಂದ ಆರೇಳು ಪುಸ್ತಕ ಕಳಿಸಿಕೊಡಿ. ಚಹಾ ಚೆಲ್ಲಿದ್ದಾದರೂ ಪರವಾಗಿಲ್ಲ, ಅಂಚು ಅಗಲವಿರಲಿ. ಶನಿವಾರ ಬಂದರೆ ಪಾಟಿ ಬಾಗಿಲಲ್ಲಿ ಕೂತಿರುತ್ತಾರೆ.

ಮಾರ್ಚ್ 18ರ ಒಂದು ಮಾತು ಬಾಕಿ ಇದೆ. ಪರಮೇಶಣ್ಣ 204ನೇ ಪುಟ ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದರು.

"ಇದು ನಿಮ್ಮ ಕೈಬರಹ."

"ಹೌದ್ರೀ."

"ನೀವೂನಾ ಟೀಚರೇ?" ಎಂದರು. ನಿಜವಾಗಿಯೂ ನೊಂದಿದ್ದರು. ರಿಜಿಸ್ಟರ್ ತೆಗೆದು, ನಿಧಾನವಾಗಿ, ರೊಟ್ಟಿ ಎರಡು, ಮೊಸರು ಎಂದು ನಕಲು ಮಾಡಿಕೊಂಡರು. "ಹಿಂಡಿ ಅಂದ್ರೆ? ಉಳ್ಳಾಗಡ್ಡಿ ಅಂದ್ರೆ?" ಎಂದು ಕೇಳಿದರು. ಚಟ್ನಿಪುಡಿ, ಈರುಳ್ಳಿ ಎಂದೆ. ಪುಸ್ತಕವನ್ನು ಬೀರುವಿನಲ್ಲಿಟ್ಟು, ಬೀಗ ಹಾಕಲು ಹೋದವರು ನಿಂತರು.

"ಅಲ್ಲ, ಎಂಬತ್ತೆಂಟನೇ ಪುಟದಲ್ಲಿ ಮೀನು ತಿಂದೋಳು, ತೊಂಬತ್ತೊಂದರಲ್ಲಿ ಮತ್ತೆ ಮೀನು ತಿಂದಿದಾಳೆ. ಅದು ಸರಿ, ಹೊಳೆ ದಂಡೆ. ಈ ಜೋಳದ ರೊಟ್ಟಿ ಆಯಮ್ಮಂಗೆ ಎಲ್ಲಿಂದ ಬಂತು?"

ಬರೆಯುವಾಗ ನಾನು ಅದನ್ನು ಯೋಚಿಸಿರಲಿಲ್ಲ. "ಯಾರೋ ದೂರದ ಊರಿಂದ ಬಂದೋರು ತಂದಿರ್ಬೇಕು. ದೋಣಿ ದಾಟಿ."

"ಹಂಗಾದ್ರೆ ಅದನ್ನೂ ಬರೀಬೇಕಿತ್ತಲ್ಲ!" ಎಂದರು ಪರಮೇಶಣ್ಣ. ಬೀಗದ ಕೈ ಕೈಯಲ್ಲೇ ಇತ್ತು. "ಆಮೇಲೆ ಅವ್ರೇನು, ವಾಪಸ್ ಹೋದ್ರಾ, ಇಲ್ಲೇ ಉಳ್ಕೊಂಡ್ರಾ?"

ನನಗೆ ಗೊತ್ತಿರಲಿಲ್ಲ. ಆ ಪುಟದಲ್ಲಿ ಜಾಗವೂ ಉಳಿದಿಲ್ಲ.